ಟ್ರ್ಯಾಕ್ಟರಿನ ಬ್ಯಾಟರಿಗೆ ಕಿಲುಬು ಹಿಡಿಯದಂತೆ ಕಾಪಾಡುವ ಕ್ರಮ

ಮುಂಗಾರಿನ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಅಂತಹ ಮುಂಜಾನೆ ಟ್ರ್ಯಾಕ್ಟರು ಚಾಲೂ ಆಗದಿದ್ದರೆ ಬಿತ್ತನೆಯು ಹಿಂದೆ ಬೀಳುವುದು. ಅನೇಕ ವೇಳೆ ದೋಷವಿರುವುದು ಎಂಜಿನ್ನಿನಲ್ಲಲ್ಲ, ಬ್ಯಾಟರಿಯ ತುದಿಗಳಿಗೆ ಹಿಡಿದ ಕಿಲುಬಿನಲ್ಲಿ.

ಇದನ್ನು ತಡೆಯಲು ಸಿಲಿಕೋನ್ ಗ್ರೀಸು ಉಪಯುಕ್ತವಾದುದು. ಆದರೆ ಇದರ ಮೂಲಕ ವಿದ್ಯುತ್ತು ಹರಿಯದು; ತೇವವನ್ನು ಹೊರಗಿಡುವುದೇ ಇದರ ಕೆಲಸ. ಆದುದರಿಂದ ಕಿಲುಬಿನ ಮೇಲೆಯೇ ಬಳಿದರೆ ಪ್ರಯೋಜನವಿಲ್ಲ.

ಎಂಜಿನ್ನನ್ನು ನಿಲ್ಲಿಸಿ, ಮೊದಲು ಋಣ ತಂತಿಯನ್ನೂ ಅನಂತರ ಧನ ತಂತಿಯನ್ನೂ ಬಿಚ್ಚತಕ್ಕದ್ದು. ಅಡಿಗೆ ಸೋಡ ಕದಡಿದ ನೀರು ಬ್ಯಾಟರಿಯೊಳಕ್ಕೆ ಇಳಿಯದಂತೆ ತುದಿಗಳನ್ನು ತೊಳೆದು, ಉಜ್ಜಿ, ಚೆನ್ನಾಗಿ ಒರಸಬೇಕು. ಧನ ತಂತಿಯನ್ನು ಮೊದಲು, ಋಣ ತಂತಿಯನ್ನು ಕೊನೆಗೆ ಬಿಗಿದ ಬಳಿಕವೇ ಮೇಲ್ಭಾಗಕ್ಕೆ ಗ್ರೀಸನ್ನು ತೆಳುವಾಗಿ ಸವರತಕ್ಕದ್ದು.

ಪಟೇಲರೂ ಜಮೀನುದಾರರೂ ಮಳೆಗೆ ಮುಂಚೆಯೇ ಈ ಕೆಲಸವನ್ನು ಮಾಡಿಸಿ, ನೆರೆಯ ರೈತರಿಗೂ ತೋರಿಸಿಕೊಡುವುದು ಲೇಸು.