ಕೋರ್ಟು ಕಳಿಸಿದ ಗಂಡ, ಹೆಂಡತಿ ಎಳೆತಂದ ಕುಡುಕ: ಬುದ್ಧಿಮಾತು ನಾಟೀತೆ?

"ನನಗೇನ್ ಆಗೈತ್ರಿ? ಹೋಗು ಅಂದ್ರು, ಬಂದೀನಿ!"

ಸಮಾಲೋಚಕರ ಮುಂದೆ ತಂದು ಕೂರಿಸಿದ ಗಂಡಸಿನ ಮೊದಲ ಮಾತು ಬಹಳ ಸಲ ಇಂಥದೇ. ಕಾಲಿಗೆ ಮುಳ್ಳು ನೆಟ್ಟವ ತಾನೇ ದವಾಖಾನೆ ಹುಡುಕಿಕೊಂಡು ಹೋಗುತ್ತಾನೆ. ಇಲ್ಲಿ ನೋವು ಹೆಂಡತಿ ಮಕ್ಕಳದು, ಕುರ್ಚಿಯಲ್ಲಿ ಕೂತವ ಮಾತ್ರ ಈ ಮಹಾಶಯ. ತಾನಾಗಿ ಬಾರದವನಿಗೆ ಹೇಳಿದ ಮಾತು ನಾಟೀತೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಎಷ್ಟೋ ಮನೆಗಳ ಪ್ರಶ್ನೆ ಇದು.

ಕಾಯ್ದೆ ಏನನ್ನುತ್ತದೆ?

ಹೊಡೆತ ತಿಂದ ಹೆಣ್ಣುಮಗಳು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮೊರೆ ಹೋದರೆ, 14ನೇ ಕಲಮಿನ ಪ್ರಕಾರ ಅವರು ಗಂಡ ಹೆಂಡತಿಯನ್ನು ಒಬ್ಬೊಬ್ಬರನ್ನಾಗಿ ಇಲ್ಲವೆ ಜೋಡಿಯಾಗಿ ಸಮಾಲೋಚನೆಗೆ ಕಳಿಸಬಹುದು. ಕಳಿಸಿದರೆ ಮುಂದಿನ ತಾರೀಖು ಎರಡು ತಿಂಗಳೊಳಗೇ ಬೀಳಬೇಕು. 2006ರ ನಿಯಮಗಳು ಇನ್ನೂ ಬಿಗಿ. ಇನ್ನು ಮೇಲೆ ಕೈಮಾಡುವುದಿಲ್ಲ ಎಂದು ಗಂಡ ಮುಚ್ಚಳಿಕೆ ಕೊಡಬೇಕು. "ಆಕಿ ಎದುರು ಮಾತಾಡಿದ್ಲು, ಅದಕ್ಕ ಹೊಡದೆ" ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ಮಾತು ಶುರುವಾಗುವ ಮೊದಲೇ ಇದನ್ನು ಅವನಿಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯ: ರಾಜಿಗೆ ಕೈಹಾಕುವುದು ಆಕೆ ಬಯಸಿದರೆ ಮಾತ್ರ. ಆದರೆ ಊರ ಕಟ್ಟೆಯ ಮೇಲೆ ಹಿರಿಯರು ಕೂತರೆ ಮೊದಲ ಮಾತೇ "ಹೊಂದಿಕೊಂಡು ಹೋಗವಾ ತಂಗಿ". ಹೀಗಾದಾಗ ಒಲ್ಲದವರು ಒಬ್ಬರಲ್ಲ, ಇಬ್ಬರು. ಅವನನ್ನು ಕೋರ್ಟು ಕಳಿಸಿತು, ಆಕೆಯನ್ನು ಊರು ದೂಡಿತು. ರಾತ್ರಿ ಅದೇ ಮನೆಗೆ ಮರಳಬೇಕಾದವಳು ಅವನೆದುರು ಬಾಯಿ ಬಿಟ್ಟಾಳೆ? ಆಕೆಯನ್ನು ಬೇರೆ ಕೂರಿಸಿ ಕೇಳುವುದು ಅದಕ್ಕೇ ಬೇಕು.

ಒಲ್ಲದವನ ಬಾಯಿ ಬಿಡಿಸುವುದು ಹೇಗೆ?

ಸುಳ್ಳು ಹೇಳದಿರುವುದೇ ಮೊದಲ ಮೆಟ್ಟಿಲು. "ನೀನಾಗಿ ಬಂದಿಲ್ಲ, ಗೊತ್ತೈತಿ. ಕೋರ್ಟಿಗೆ ಏನ್ ಬರೀತೀನಿ, ಏನ್ ಬರಿಯೂದಿಲ್ಲ, ಈಗ ಹೇಳಿಬಿಡ್ತೀನಿ" ಎನ್ನಬೇಕು. ಎಲ್ಲವೂ ಗುಟ್ಟಾಗಿರುತ್ತದೆಂದು ನಂಬಿಸಿ ಆಮೇಲೆ ವರದಿ ಕಳಿಸಿದರೆ ಅವನು ಮತ್ತೆ ಯಾರನ್ನೂ ನಂಬಲಿಕ್ಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡುಕರ ಬಗ್ಗೆ 1983ರಲ್ಲಿ ಬರೆದದ್ದರ ಸಾರವೂ ಇದಕ್ಕೆ ಹತ್ತಿರ. ವಾದಕ್ಕಿಳಿದರೆ ಕುಡುಕ ತನ್ನ ಕುಡಿತಕ್ಕೆ ತಾನೇ ವಕೀಲನಾಗಿ ನಿಲ್ಲುತ್ತಾನೆ. ಬಿಡಬೇಕೆಂಬ ಕಾರಣ ಅವನ ಬಾಯಿಂದಲೇ ಬರಬೇಕು. "ಕುಡಿದು ಏನ್ ಸಿಕ್ತಪಾ, ಏನ್ ಹೋತು?" ಎಂದು ಕೇಳಿ, ಉತ್ತರ ಬರುವ ತನಕ ತಾಳ್ಮೆಯಿಂದ ಕೂರುವುದೇ ಕಸುಬು. ಆದರೆ ಕುಡಿತ ಬಿಟ್ಟರೆ ಹೊಡೆತ ತಾನೇ ನಿಲ್ಲುತ್ತದೆಂಬ ನಂಬಿಕೆ ಬೇಡ. ಪೆಟ್ಟಿನ ಲೆಕ್ಕ ಬೇರೆಯೇ ಕೇಳಬೇಕು.

ಆಣೆ ಸಾಕೆ?

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಆಣೆ ಮಾಡಿಸುವವರಿದ್ದಾರೆ. ಕೆಲವರಿಗೆ ಅದೂ ಆಸರೆಯಾದೀತು. ಆದರೆ ವರ್ಷಗಟ್ಟಲೆ ವಿಪರೀತ ಕುಡಿದವ ಒಮ್ಮೆಲೇ ಬಿಟ್ಟರೆ ಕೈ ನಡುಗಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ಹತ್ತಿರದ ಧಾರವಾಡದಲ್ಲೇ ಡಿಮ್ಹಾನ್ಸ್ ಸಂಸ್ಥೆಯಿದೆ. ಮನೆಯವರು ಬೇಸತ್ತರೆಂದು ಯಾರನ್ನೂ ಕೂಡಿಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, ತನಗೋ ಪರರಿಗೋ ಅಪಾಯವಿರುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ತೀವ್ರ ಸ್ಥಿತಿ ಇರಬೇಕು. ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಆಗಲೂ ಮೊದಲಿಗೆ 30 ದಿನದ ಮಟ್ಟಿಗೆ ಮಾತ್ರ. ಮನಸ್ಸಿನ ತೊಂದರೆಗೆ ಸಲಹೆ ಬೇಕಾದವರಿಗೆ 14416, ಹೆಣ್ಣುಮಕ್ಕಳಿಗೆ 181 ಫೋನ್ ನಂಬರುಗಳಿವೆ.

ಕೋರ್ಟು, ಪೊಲೀಸ್ ಠಾಣೆ, ಹೆಂಡತಿ ಯಾರೇ ಆಗಲಿ ಅವನನ್ನು ಬಾಗಿಲ ತನಕ ತರಬಲ್ಲರು. ಒಳಗೆ ಹೆಜ್ಜೆ ಇಡಬೇಕಾದವ ಅವನೇ. ಇಟ್ಟಾನೋ ಬಿಟ್ಟಾನೋ, ಅಲ್ಲಿಯ ತನಕ ಆ ಹೆಣ್ಣುಮಗಳ ರಕ್ಷಣೆ ಕಾಯುತ್ತ ಕೂರುವಂಥದ್ದಲ್ಲ. ಕೋರ್ಟಿನ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ ಎಂದು 2005ರ ಕಾಯ್ದೆಯೇ ಹೇಳಿದೆ. ಸಮಾಲೋಚನೆ ನಡೆದಿದೆ ಎಂಬ ನೆಪದಲ್ಲಿ ಆ ಆದೇಶ ನಿದ್ದೆ ಹೋಗಬಾರದು.