ಜಾಂಡೀಸ್ ಜೋರಾಗಿದ್ದ ಮಗುವಿಗೆ ಕಿವಿ ಟೆಸ್ಟ್ 'ಪಾಸ್' ಆದರೆ ಸಾಕೇ? ಬೆರಾ ಯಾಕೆ ಬೇಕು?

ಹುಟ್ಟಿದ ಎರಡು-ಮೂರನೇ ದಿನಕ್ಕೆ ಮಗುವಿನ ಕಣ್ಣು, ಮುಖ ಹಳದಿ ಆಗೋದು ಹೊಸದೇನಲ್ಲ. ತಿಂಗಳು ತುಂಬಿ ಹುಟ್ಟಿದ 100 ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ, ತಿಂಗಳು ತುಂಬದವರಲ್ಲಿ ಸುಮಾರು 80 ಮಕ್ಕಳಿಗೆ ಮೊದಲ ವಾರದಲ್ಲೇ ಜಾಂಡೀಸ್ ಕಾಣಿಸುತ್ತದೆ. ಹೆಚ್ಚಿನವರಿಗೆ ಎದೆಹಾಲು ಚೆನ್ನಾಗಿ ಕುಡಿದರೆ ತಾನಾಗೇ ಇಳಿಯುತ್ತೆ. ಕೆಲವರನ್ನು ಒಂದೆರಡು ದಿನ ನೀಲಿ ಲೈಟಿನ ಕೆಳಗೆ ಮಲಗಿಸಿ ಮನೆಗೆ ಕಳಿಸ್ತಾರೆ. ಆದರೆ ಬಿಲಿರುಬಿನ್ ತೀರಾ ಏರಿದ್ದ ಮಕ್ಕಳ ಮಾತು ಬೇರೆ. ಮೈಬಣ್ಣ ಸರಿಹೋದ ಮೇಲೂ ಅವರ ಕಿವಿಯ ವಿಚಾರ ಬಾಕಿ ಇರುತ್ತೆ.

ರಕ್ತಕಣ ಒಡೆದಾಗ ಬರುವ ಹಳದಿ ಪದಾರ್ಥವೇ ಬಿಲಿರುಬಿನ್. ಅದನ್ನು ಹೊರಹಾಕುವ ಶಕ್ತಿ ಎಳೇ ಮಗುವಿನ ಲಿವರಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಮಿತಿ ಮೀರಿದರೆ ಅದು ಮೆದುಳಿಗೂ ಸೇರುತ್ತದೆ. ಅಲ್ಲಿ ಬೇಗ ಪೆಟ್ಟು ತಿನ್ನುವುದು ಕಿವಿಯಿಂದ ಮೆದುಳಿಗೆ ಸದ್ದು ಒಯ್ಯುವ ನರದ ದಾರಿ.

ಗೊಂದಲ ಆಗೋದು ಟೆಸ್ಟಿನಲ್ಲಿ. ಆಸ್ಪತ್ರೆಗಳಲ್ಲಿ ನವಜಾತ ಶಿಶುವಿಗೆ ಸಾಮಾನ್ಯವಾಗಿ ಮೊದಲು ಮಾಡುವುದು ಓಎಇ. ಕಿವಿಗೆ ಮೆತ್ತನೆಯ ಚಿಕ್ಕ ತುದಿ ಇಟ್ಟು ಸದ್ದು ಕಳಿಸಿದರೆ ಒಳಗಿವಿಯಿಂದ ಸಣ್ಣ ಮರುದನಿ ಬರಬೇಕು. ಬಂದರೆ 'ಪಾಸ್'. ಈ ಟೆಸ್ಟ್ ಒಳಗಿವಿಯವರೆಗೆ ಮಾತ್ರ ನೋಡುತ್ತೆ, ಅದರಾಚೆಯ ನರವನ್ನು ನೋಡಲ್ಲ. ಜಾತ್ರೆಯಲ್ಲಿ ಮೈಕ್ ಸರಿ ಇದ್ದು, ಆಂಪ್ಲಿಫೈಯರಿಗೆ ಹೋಗುವ ವೈರ್ ಹಾಳಾದಂತೆ. ಮೈಕ್ ಮಾತ್ರ ಪರೀಕ್ಷಿಸಿದರೆ ದೋಷ ಸಿಗುವುದಿಲ್ಲ. ಜಾಂಡೀಸಿನಿಂದ ಹಾಳಾಗುವುದು ಹೆಚ್ಚಾಗಿ ಈ ವೈರೇ.

ಅದನ್ನು ನೋಡುವ ಟೆಸ್ಟ್ ಬೆರಾ. ಮಗುವಿನ ತಲೆಗೆ, ಕಿವಿಯ ಹತ್ತಿರ ವೈರಿನ ಪಟ್ಟಿ ಅಂಟಿಸಿ, ಸದ್ದು ಕೇಳಿಸಿದಾಗ ನರ ಮತ್ತು ಮೆದುಳಿನ ಬುಡ ಹೇಗೆ ಸ್ಪಂದಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ಚುಚ್ಚುವುದಿಲ್ಲ, ನೋವಿಲ್ಲ. ಮಗು ಮಲಗಿರಬೇಕು, ಅಷ್ಟೇ. ಎಳೇ ಕೂಸಾದರೆ ಹಾಲು ಕುಡಿಸಿದರೆ ನಿದ್ದೆ ಬಂದೇ ಬರುತ್ತೆ. ದೊಡ್ಡದಾದ ಮೇಲೆ ಕರೆದುಕೊಂಡು ಹೋದರೆ ನಿದ್ದೆಯ ಸಿರಪ್ ಕೊಡಬೇಕಾಗಬಹುದು.

ಎಲ್ಲ ಹಳದಿ ಮಕ್ಕಳಿಗೂ ಬೆರಾ ಬೇಕಿಲ್ಲ. ರಕ್ತ ಬದಲಾಯಿಸುವ ಹಂತಕ್ಕೆ ಹೋಗಿದ್ದ ಮಕ್ಕಳಿಗೆ ಖಂಡಿತ ಬೇಕು. ಬಿಲಿರುಬಿನ್ 20 ಮಿಲಿಗ್ರಾಂ ದಾಟಿತ್ತು, ಅಥವಾ ಮಗು ತಿಂಗಳು ತುಂಬದೆ, ಕಡಿಮೆ ತೂಕದಲ್ಲಿ ಹುಟ್ಟಿ ಜಾಂಡೀಸ್ ಜೋರಾಗಿತ್ತು ಎಂದಾದರೆ ಮಕ್ಕಳ ವೈದ್ಯರನ್ನು ಬಾಯಿಬಿಟ್ಟು ಕೇಳುವುದೇ ಒಳ್ಳೆಯದು. ಇದಕ್ಕೆ ಡಿಸ್ಚಾರ್ಜ್ ಚೀಟಿ ಬೇಕು. ಬಿಲಿರುಬಿನ್ ಎಷ್ಟಿತ್ತು ಎನ್ನುವ ನಂಬರ್ ಅದರಲ್ಲೇ ಇರುತ್ತೆ. ಬಹಳ ಮನೆಗಳಲ್ಲಿ ನಾಮಕರಣದ ಹೊತ್ತಿಗೆ ಆ ಚೀಟಿಯೇ ಸಿಗಲ್ಲ!

ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ಹೊಡೆದು ನೋಡುವುದು ಪರೀಕ್ಷೆ ಅಲ್ಲ. ಕೈ ಆಡಿದ್ದು ಕಂಡೋ ಗಾಳಿ ತಾಗಿಯೋ ಮಗು ಬೆಚ್ಚಬಹುದು. ನರದ ತೊಂದರೆ ಇರುವ ಕೆಲವು ಮಕ್ಕಳಿಗೆ ಸದ್ದು ಕೇಳಿಸುತ್ತೆ, ಮಾತು ಮಾತ್ರ ಸ್ಪಷ್ಟವಾಗಲ್ಲ. 'ಕರೆದರೆ ತಿರುಗುತ್ತಲ್ಲ' ಎಂದು ಎರಡು ವರ್ಷ ಕಾದು, ಮಾತು ಬರದಿದ್ದಾಗ ಓಡಾಡುವ ಸ್ಥಿತಿ ಬರೋದು ಹೀಗೇ.

ವೈದ್ಯರು ಪಾಲಿಸುವ ಲೆಕ್ಕ ಸರಳ: ಒಂದು ತಿಂಗಳೊಳಗೆ ಮೊದಲ ಟೆಸ್ಟ್, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಬೆರಾದಲ್ಲಿ ವ್ಯತ್ಯಾಸ ಕಂಡರೂ ತಕ್ಷಣ ಗಾಬರಿ ಬೇಡ. ಜಾಂಡೀಸಿನಿಂದ ಬಂದ ತೊಂದರೆ ಕೆಲವು ಮಕ್ಕಳಲ್ಲಿ ತಿಂಗಳುಗಳಲ್ಲಿ ಸುಧಾರಿಸುವುದೂ ಉಂಟು. ಅದಕ್ಕೇ ಟೆಸ್ಟ್ ಮತ್ತೆ ಮಾಡಿ ನೋಡುತ್ತಾರೆ. ಆ ತಾರೀಖು ತಪ್ಪಿಸಬಾರದು.

ವಿಚಾರಿಸುವುದು ಎಲ್ಲಿ? ಹೆರಿಗೆಯ ನಂತರ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮೊದಲು ಹೇಳಬಹುದು. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಟೆಸ್ಟ್, ಹಿಯರಿಂಗ್ ಏಡ್, ಮಾತಿನ ತರಬೇತಿ ಮೂರೂ ಒಂದೇ ಕಡೆ ಸಿಗುತ್ತವೆ.

ಇನ್ನು ಈಗ ಮನೆಯಲ್ಲಿ ಹಳದಿ ಕೂಸು ಇದ್ದರೆ: ಹುಟ್ಟಿದ 24 ಗಂಟೆಯೊಳಗೇ ಹಳದಿ ಬಂದಿದ್ದರೆ, ಅಂಗೈ-ಅಂಗಾಲಿನವರೆಗೂ ಹರಡಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಿಲ್ಲಿನಂತೆ ಬಾಗಿಸುತ್ತಿದ್ದರೆ, ಎಳೆಬಿಸಿಲಿಗೆ ಹಿಡಿಯುತ್ತಾ ಕೂರಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.