ಬಿಲ್ಡ್ ನಡುವೆಯೇ ನಿಲ್ಲಬೇಕಿತ್ತು

ನಮ್ಮ ಲ್ಯಾಬಿನ ಹಾಜರಾತಿ ಆ್ಯಪ್‌ನ ಕೋಡ್ ಬದಲಿಸಿದೊಡನೆ ಜೆಂಕಿನ್ಸ್ ಅದನ್ನು ತಾನೇ ಪರೀಕ್ಷಿಸಿ, ಬಿಲ್ಡ್ ಮಾಡಿ, ಸರ್ವರ್‌ಗೆ ಹಾಕುತ್ತದೆ. ಪರೀಕ್ಷೆ ಫೇಲಾದರೆ ಅಲ್ಲೇ ನಿಲ್ಲಬೇಕು. ಒಮ್ಮೆ ನಿಲ್ಲಲಿಲ್ಲ, ತರಗತಿಯಲ್ಲಿ ಕೂತಿದ್ದವರೆಲ್ಲ ಗೈರುಹಾಜರಾದರು! ತಪ್ಪು ನನ್ನದೇ.

ಸ್ಕ್ರಿಪ್ಟ್ ಪರದೆಯ ಮೇಲೆ 'ಫೇಲ್' ಎಂದು ಎಷ್ಟು ಬರೆದರೂ ಜೆಂಕಿನ್ಸ್ ಓದುವುದಿಲ್ಲ. ಸ್ಕ್ರಿಪ್ಟ್ ಮುಗಿಯುವಾಗ ಕೊಡುವ ಸಂಖ್ಯೆಯನ್ನಷ್ಟೇ ನೋಡುತ್ತದೆ: 0 ಆದರೆ ಮುಂದಕ್ಕೆ, ಬೇರೇನಾದರೂ ಬಿಲ್ಡ್ ನಿಲ್ಲುತ್ತದೆ. ನಿಲ್ಲಿಸಲೆಂದೇ 'ಎಕ್ಸಿಟ್ 1' ಬರೆಯುವುದು.

ನಾನು ಫಲಿತಾಂಶವನ್ನು ಫೈಲಿನಲ್ಲೂ ಉಳಿಸಲು ಪೈಪ್ ಮೂಲಕ 'ಟೀ' ಕಮಾಂಡ್‌ಗೆ ಕಳಿಸಿದ್ದೆ (ಇದು ಚಹಾ ಅಲ್ಲ, ನಲ್ಲಿ ಕೆಲಸದವರ ಟೀ ಜಾಯಿಂಟ್). ಪೈಪ್ ಇದ್ದಾಗ ಶೆಲ್ ಕೊನೆಯ ಕಮಾಂಡಿನ ಸಂಖ್ಯೆಯನ್ನೇ ಒಪ್ಪಿಸುತ್ತದೆ. ಪರೀಕ್ಷೆ 1 ಎಂದಿತ್ತು, ಟೀ 0 ಎಂದಿತು. ಈಗ ನಮ್ಮ ಬ್ಯಾಷ್ ಸ್ಕ್ರಿಪ್ಟಿನ ಆರಂಭದಲ್ಲೇ 'ಸೆಟ್ -ಇ', 'ಸೆಟ್ -ಓ ಪೈಪ್‌ಫೇಲ್' ಎಂಬ ಎರಡು ಸಾಲುಗಳಿವೆ.